ಒಸಗೆಯೂ ಮುನ್ನರಿವೂ: ಪ್ರಥಮಾರ್ತವವನ್ನು ಕುರಿತ ಕನ್ನಡದ ಮಾತುಗಳ ವಿಮರ್ಶೆ

ಬೆಂಗಳೂರಿನ ದಂಡಿನ ಭಾಗದಲ್ಲಿ ಹಲಸೂರಿಗೆ ನೆರೆಯಾಗಿರುವ ಜೋಗುಪಾಳ್ಯವು ಹಲವು ಭಾಷೆಗಳು ಒಂದೇ ಕೇರಿಯಲ್ಲಿ ಬಾಳುತ್ತಿರುವ ಸ್ಥಳವಾಗಿದೆ. 19ನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷರ ದಂಡು ಈ ಪ್ರಾಂತದಲ್ಲಿ ಬೀಡುಬಿಟ್ಟಂದಿನಿಂದ ಕನ್ನಡದೊಡನೆ ತಮಿಳೂ ತೆಲುಗೂ ಉರ್ದುವೂ ಇಲ್ಲಿಯ ಮನೆಮಾತುಗಳಾದುವು. 1949ರಲ್ಲಿ ದಂಡೂ ಪೇಟೆಯೂ ಒಂದೇ ನಗರಸಭೆಗೆ ಒಳಪಟ್ಟ ಮೇಲೆಯೂ ಆ ಸ್ಥಿತಿಯು ಮಾರ್ಪಡಲಿಲ್ಲ. ಇಂಥ ಕೇರಿಯ ಒಂದು ಮನೆಯಲ್ಲಿ ಬಾಲಿಕೆಯೊಬ್ಬಳು ಮೊದಲ ಸಲ ಋತುಮತಿಯಾದಳೆಂದು ಭಾವಿಸೋಣ. ಮನೆಯವರು ತಮಿಳರಾದರೆ ‘ಪೂಪ್ಪುನಿದ ನೀರಾಟ್ಟು ವಿಳಾ’ ಎಂದೋ ‘ಮಂಜಳ್ ನೀರಾಟ್ಟು’ ಎಂದೋ ಬಂಧುಗಳನ್ನು ಕರೆಯುವರು. ತೆಲುಗರಾದರೆ ‘ಸಮರ್ತ’ ಎನ್ನುವರು, ಆಡುಮಾತಿನಲ್ಲಿ ಹುಡುಗಿ ‘ಪೆದ್ದಮನಿಷಿ’ ಆದಳೆನ್ನುವರು. ಕನ್ನಡಿಗರಾದರೆ ‘ಆರತಿ’ ಎಂದೋ ‘ಒಸಗೆ’ ಎಂದೋ ಹೇಳಿ, ಹುಡುಗಿ ‘ದೊಡ್ಡವಳಾದಳು’, ‘ಮೈನೆರೆದಳು’ ಎನ್ನುವರು. ಹೂವು, ಅರಿಸಿನದ ನೀರು, ದೊಡ್ಡತನ, ತುಂಬುತನ: ಇವೇ ಈ ಮಾತುಗಳ ಬೀಜಾರ್ಥಗಳು. ಒಂದರಲ್ಲಿಯೂ ಅಶುಭದ ಛಾಯೆಯಿಲ್ಲ.

ಮಾತುಗಳು ಹೀಗೆ ಮಂಗಳಮಯವಾಗಿರಲು, ಆ ಬಾಲಿಕೆಯ ಅನುಭವವು ಮಾತ್ರ ಬಹುಮಟ್ಟಿಗೆ ಭಯದಿಂದಲೂ ಲಜ್ಜೆಯಿಂದಲೂ ಆರಂಭವಾಗುವುದೇಕೆ ಎಂಬ ಪ್ರಶ್ನೆಯು ವೈದ್ಯರಿಗೆ ಮಾತ್ರ ಸಂಬಂಧಪಟ್ಟುದಲ್ಲ. ಅದು ಶಬ್ದಾರ್ಥವಿಚಾರ ಮಾಡುವವರಿಗೂ ಸಂಬಂಧಪಟ್ಟುದು. ಏಕೆಂದರೆ ಮಾತು ಇದ್ದೂ ಅರ್ಥವು ಮುಟ್ಟಬೇಕಾದವರಿಗೆ ಮುಟ್ಟದಿದ್ದರೆ ದೋಷವು ವಾಙ್ಮಯದ ವಿನಿಯೋಗದಲ್ಲಿದೆಯೆಂದೇ ತಿಳಿಯಬೇಕಾಗುವುದು. ಪ್ರಕೃತ ವಿಷಯವನ್ನು ಸಂಸ್ಕೃತದ ಕೋಶ ಮತ್ತು ಶಾಸ್ತ್ರಗಳು, ಕನ್ನಡದ ಮನೆಮಾತು, ಒಸಗೆಯ ಹಾಡು, ಈಚಿನ ಕಾದಂಬರಿ ಎಂಬ ಕ್ರಮದಿಂದ ಪರಾಮರ್ಶಿಸುವುದು ಯುಕ್ತವಾಗಿದೆ.

ಮೊದಲು ಕೋಶ. ಅಮರಕೋಶದ ದ್ವಿತೀಯಕಾಂಡದ ಮನುಷ್ಯವರ್ಗದಲ್ಲಿ ಈ ಅವಸ್ಥೆಯಲ್ಲಿರುವ ಸ್ತ್ರೀಗೆ ಎಂಟು ಹೆಸರುಗಳು ಉಕ್ತವಾಗಿವೆ. ಅವುಗಳಲ್ಲಿ ‘ಋತುಮತೀ’ ಎಂಬುದು ಕಾಲವನ್ನು ಹೇಳುವುದು. ‘ಪುಷ್ಪವತೀ’ ಎಂಬುದು ಹೂವನ್ನು, ‘ಉದಕ್ಯಾ’ ಎಂಬುದು ಸ್ನಾನದ ನೀರನ್ನು, ‘ಮಲಿನೀ’ ಎಂಬುದು ಕೊಳೆಯನ್ನು ಹೇಳುವುದು. ಸ್ತುತಿಯೂ ನಿಂದೆಯೂ ಒಂದೇ ಸಾಲಿನಲ್ಲಿ ನೆರೆಹೊರೆಯಾಗಿ ನಿಂತಿರುವುದು ಗಮನಾರ್ಹವಾಗಿದೆ. ಇದಕ್ಕಿಂತಲೂ ಗಮನಾರ್ಹವಾದುದು ಇದರ ಅಧ್ಯಯನದ ರೀತಿ. ಸಂಸ್ಕೃತ ಪಾಠಶಾಲೆಗಳಲ್ಲಿ ಎಂಟು ಹತ್ತು ವಯಸ್ಸಿನ ಬಾಲಕರು ಅಮರವನ್ನು ಕಂಠಪಾಠ ಮಾಡುವುದು ಬಹುಕಾಲದ ಸಂಪ್ರದಾಯ. ಅರ್ಥವನ್ನು ಮುಂದೆ ತಿಳಿದುಕೊಳ್ಳಬಹುದೆಂದು ಗುರುಗಳು ಈ ಸಾಲನ್ನು ದಾಟಿಸುತ್ತಿದ್ದರು, ಶಿಷ್ಯರೂ ದಾಟುತ್ತಿದ್ದರು. ಹೀಗೆ ಒಂದೇ ಮನೆಯಲ್ಲಿ ತಮ್ಮನು ಎಂಟು ಹೆಸರುಗಳನ್ನೂ ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಒಪ್ಪಿಸುತ್ತಿರಲು, ಒಳಗಿದ್ದ ಅಕ್ಕನಿಗೆ ತನ್ನ ಮೈಗೆ ಒದಗಿಬರಲಿರುವುದಕ್ಕೆ ಒಂದು ಹೆಸರೂ ತಿಳಿದಿರುತ್ತಿರಲಿಲ್ಲ. ಅರ್ಥವು ಬೇಡವಾದವನಿಗೆ ಶಬ್ದವೂ, ಅರ್ಥವು ಬೇಕಾದವಳಿಗೆ ಮೌನವೂ ದೊರೆತುವು.

ಶಾಸ್ತ್ರಗ್ರಂಥಗಳು ಈ ವಿಷಯದಲ್ಲಿ ಮೌನವಾಗಿಲ್ಲ. ರಜಸ್ಸಿನ ಪ್ರವೃತ್ತಿಯು ಹನ್ನೆರಡನೆಯ ವರ್ಷದಿಂದ ಆರಂಭವಾಗಿ ಐವತ್ತರ ಸುಮಾರಿಗೆ ನಿಲ್ಲುವುದೆಂದು ಸುಶ್ರುತಸಂಹಿತೆಯು ಹೇಳಿರುವುದು. ಆದರೆ ಪರಾಶರಾದಿ ಸ್ಮೃತಿಗಳಲ್ಲಿ ಎಂಟು ವರ್ಷದವಳು ಗೌರಿ, ಒಂಬತ್ತರವಳು ರೋಹಿಣಿ, ಹತ್ತರವಳು ಕನ್ಯೆ, ಅದರಿಂದಾಚೆಗೆ ರಜಸ್ವಲೆ ಎಂಬ ಗಣನೆಯಿದೆ. ವೈದ್ಯನು ಮೈಯನ್ನು ನೋಡಿ ಕಾಲವನ್ನು ಹೇಳಿದನು. ಸ್ಮೃತಿಕಾರನು ವಯಸ್ಸನ್ನೆಣಿಸಿ ಮೈಗೆ ಹೆಸರಿಟ್ಟನು. ಮನುವಾದರೋ ಋತುಮತಿಯಾದ ಕನ್ಯೆಯು ಮೂರು ವರ್ಷ ಕಾದು, ಬಳಿಕ ತಕ್ಕ ವರನನ್ನು ತಾನೇ ವರಿಸಬಹುದೆಂದೂ, ಗುಣಹೀನನಿಗೆ ಕೊಡುವುದಕ್ಕಿಂತ ಆಕೆಯು ತಂದೆಯ ಮನೆಯಲ್ಲಿಯೇ ಉಳಿಯುವುದು ಲೇಸೆಂದೂ ಒಂಬತ್ತನೆಯ ಅಧ್ಯಾಯದಲ್ಲಿ ಅನುಮತಿಸಿರುವನು. ಲೋಕರೂಢಿಯು ಮನುವಿನ ಈ ಔದಾರ್ಯವನ್ನು ಬಿಟ್ಟು ಗೌರೀರೋಹಿಣಿಯರ ಗಣನೆಯನ್ನೇ ಹಿಡಿಯಿತು. 1894ರಲ್ಲಿ ಮೈಸೂರು ಸಂಸ್ಥಾನವು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಬೇಕಾಗಿ ಬಂದುದೂ, 1929ರ ಶಾರದಾ ಶಾಸನವು ಆ ಮಿತಿಯನ್ನು ಹದಿನಾಲ್ಕಕ್ಕೆ ಏರಿಸಬೇಕಾಗಿ ಬಂದುದೂ ಇದರ ಫಲವೇ ಸರಿ.

ಮುಹೂರ್ತಗ್ರಂಥಗಳ ಸೂಕ್ಷ್ಮತೆಯು ಇನ್ನೂ ಹೆಚ್ಚಿನದು. ಮುಹೂರ್ತಚಿಂತಾಮಣಿ, ನಿರ್ಣಯಸಿಂಧು ಮೊದಲಾದವುಗಳಲ್ಲಿ ಪ್ರಥಮ ರಜೋದರ್ಶನದ ಮಾಸ, ತಿಥಿ, ವಾರ, ನಕ್ಷತ್ರಗಳ ಫಲವು ವಿಚಾರಿಸಲ್ಪಟ್ಟಿದೆ. ಆ ಸಮಯದಲ್ಲಿ ಉಟ್ಟಿದ್ದ ಬಟ್ಟೆಯ ವಿಚಾರವೂ ಈ ಸಂಪ್ರದಾಯದಲ್ಲಿ ಸೇರಿದೆ. ಅಶುಭವು ಕಂಡುಬಂದರೆ ಶಾಂತಿಯೂ ವಿಹಿತವಾಗಿದೆ. ಇಷ್ಟು ಪ್ರಶ್ನೆಗಳ ನಡುವೆ ಒಂದು ಪ್ರಶ್ನೆಯು ಮಾತ್ರ ಪುರೋಹಿತನ ಬಾಯಲ್ಲಿ ಬರುವುದಿಲ್ಲ: ಇದು ಹೀಗೆ ಬರುವುದೆಂದು ಹುಡುಗಿಗೆ ಯಾರಾದರೂ ಮೊದಲೇ ಹೇಳಿದ್ದರೇ? ಉಟ್ಟ ಬಟ್ಟೆಯ ಬಣ್ಣವನ್ನು ಕೇಳಿದ ಶಾಸ್ತ್ರವು ಬಟ್ಟೆಯುಟ್ಟವಳ ಮನಸ್ಸನ್ನು ಕೇಳಲಿಲ್ಲ.

ಇದು ಆರ್ಷಸಂಪ್ರದಾಯದ ಸ್ವಭಾವವೇ ಎಂದು ಹೇಳುವವರಿಗೆ ಶ್ರುತಿಯೇ ಪ್ರತ್ಯುತ್ತರವನ್ನು ಕೊಡುವುದು. ತೈತ್ತಿರೀಯ ಸಂಹಿತೆಯ ದ್ವಿತೀಯಕಾಂಡದಲ್ಲಿ ಪ್ರಸಿದ್ಧವಾದ ಕಥೆಯುಂಟು. ವಿಶ್ವರೂಪನನ್ನು ಕೊಂದ ಇಂದ್ರನು ಬ್ರಹ್ಮಹತ್ಯೆಯ ಭಾರವನ್ನು ಮೂರು ಪಾಲು ಮಾಡಿ ಭೂಮಿಗೂ ಮರಗಳಿಗೂ ಸ್ತ್ರೀಯರಿಗೂ ಹಂಚಿದನು. ಭೂಮಿಯ ಪಾಲು ಬಿರುಕಿನ ಚೌಳುನೆಲವಾಯಿತು, ಮರದ ಪಾಲು ಅಂಟಾಯಿತು, ಸ್ತ್ರೀಯರ ಪಾಲು ರಜಸ್ಸಾಯಿತು. ರಜಸ್ವಲೆಯ ಮೂರು ರಾತ್ರಿಗಳ ನಿಯಮಗಳಿಗೆ ಈ ಪ್ರಕರಣವೇ ಮೂಲವೆಂದು ಎಲ್ಲರೂ ಉದಾಹರಿಸುವರು. ಆದರೆ ಇಂದ್ರನು ಮೂವರನ್ನೂ ಮೊದಲು ಪ್ರಾರ್ಥಿಸಿದನೆಂಬುದನ್ನೂ, ಮೂವರೂ ವರವನ್ನು ಬೇಡಿ ಪಡೆದ ಮೇಲೆಯೇ ಒಪ್ಪಿಕೊಂಡರೆಂಬುದನ್ನೂ ಉದಾಹರಿಸುವವರು ವಿರಳ. ಕಥೆಯ ತಾತ್ಪರ್ಯವನ್ನು ಯಾರು ಹೇಗೆ ಬೇಕಾದರೂ ಗ್ರಹಿಸಲಿ. ಅದರಲ್ಲಿ ಸ್ತ್ರೀಯರಿಗೆ ವಿಷಯವನ್ನು ಮೊದಲು ತಿಳಿಸಲಾಗಿದೆ, ಅವರ ಮಾತನ್ನು ಕೇಳಲಾಗಿದೆ. ನಿಯಮಗಳನ್ನು ಉಳಿಸಿಕೊಂಡು ಬಂದ ಸಂಪ್ರದಾಯವು ಆ ಪೂರ್ವಸಂವಾದವನ್ನು ಕೈಬಿಟ್ಟಿತು.

ಕನ್ನಡಕ್ಕೆ ಬರುವ. ‘ಮೈನೆರೆ’ ಎಂಬ ಕ್ರಿಯಾಪದದ ಉತ್ತರಾಂಶವು ಹಳಗನ್ನಡದಲ್ಲಿ ಶಕಟರೇಫೆಯಿಂದ ಕೂಡಿದ ‘ನೆಱೆ’, ಅಂದರೆ ತುಂಬು, ಪೂರ್ಣವಾಗು. ಕೂಡು, ಒಟ್ಟಾಗು ಎಂಬರ್ಥದ ‘ನೆರೆ’ಯು ಬೇರೆ. ಶಕಟರೇಫೆಯು ಲೋಪವಾದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದುವು. ಆದುದರಿಂದ ‘ಮೈನೆರೆದಳು’ ಎಂದರೆ ಮೈ ತುಂಬಿದವಳಾದಳು ಎಂದರ್ಥ. ವ್ಯಾಕರಣದೃಷ್ಟಿಯಿಂದ ಇಲ್ಲಿ ಒಂದು ವಿಶೇಷವಿದೆ. ‘ಆರತಿ ಮಾಡಿದರು’, ‘ಗುಡ್ಲು ಹಾಕಿದರು’, ‘ಹೊರಗೆ ಕೂರಿಸಿದರು’ ಎಂಬಲ್ಲೆಲ್ಲಾ ಕರ್ತೃಗಳು ಬೇರೆಯವರು. ಹುಡುಗಿಯು ಕರ್ಮವೋ ಸಂಪ್ರದಾನವೋ ಆಗಿರುವಳು. ‘ಮೈನೆರೆದಳು’ ಎಂಬಲ್ಲಿ ಆಕೆಯೇ ಕರ್ತೃ. ಅಲ್ಲಿ ಹೂವಿನ ಮರೆಯೂ ಇಲ್ಲ, ಮಲದ ದೂಷಣೆಯೂ ಇಲ್ಲ, ಮೈಯೆಂಬ ಮಾತೇ ನೇರವಾಗಿ ಇದೆ. ಕನ್ನಡಕ್ಕೆ ಇಂಥ ಸತ್ಯವಾದ ಮಾತೊಂದು ಇರುವುದು ಭಾಗ್ಯವೆಂದೇ ಹೇಳಬೇಕು.

ಆದರೆ ಈ ಮಾತು ನಡೆದುದನ್ನು ಸಾರುವುದಕ್ಕೆ ಬಳಕೆಯಾಯಿತೇ ಹೊರತು ನಡೆಯಲಿರುವುದನ್ನು ತಿಳಿಸುವುದಕ್ಕೆ ಬಳಕೆಯಾಗಲಿಲ್ಲ. ಮಗುವಿಗೆ ದೊರೆತ ಮಾತುಗಳೇ ಬೇರೆ. ‘ಮುಟ್ಟು’ ಎಂಬ ಹೆಸರಿನ ಅವಸ್ಥೆಯಲ್ಲಿ ಮುಟ್ಟಕೂಡದೆಂಬುದೇ ನಿಯಮ. ‘ಹೊರಗಾದಳು’ ಎಂದರೆ ಎಷ್ಟು ಹೊರಗೆ ಎಂಬುದು ಮನೆಮನೆಗೂ ಬೇರೆ: ಕೆಲವೆಡೆ ಅಡಿಗೆಮನೆಯಿಂದ, ಕೆಲವೆಡೆ ನಡುಮನೆಯಿಂದ, ಚಿತ್ರದುರ್ಗ ತುಮಕೂರು ಸೀಮೆಯ ಗೊಲ್ಲರ ಹಟ್ಟಿಗಳಲ್ಲಿ ಹಟ್ಟಿಯಿಂದಲೇ. ಇಂಥ ಬಲವಂತದ ಬಹಿಷ್ಕಾರವನ್ನು ಕರ್ನಾಟಕ ಸರ್ಕಾರವು ಅಮಾನವೀಯ ಆಚರಣೆಗಳನ್ನು ಕುರಿತ 2017ರ ಅಧಿನಿಯಮದಲ್ಲಿ ನಿಷೇಧಿಸಿರುವುದು. ತಾಯಿಯು ಮೂರು ದಿನ ದೂರ ಕುಳಿತಿರುವುದನ್ನು ಕಂಡು ಮಗುವು ಏಕೆಂದು ಕೇಳಿದರೆ ಕನ್ನಡ ನಾಡಿನ ಅನೇಕ ಮನೆಗಳಲ್ಲಿ ದೊರೆಯುತ್ತಿದ್ದ ಉತ್ತರವೆಂದರೆ ‘ಕಾಗೆ ಮುಟ್ಟಿತು’ ಎಂಬುದು.

ಈ ಉತ್ತರವನ್ನು ವಿನೋದವೆಂದು ಬಿಟ್ಟುಬಿಡುವುದಕ್ಕಾಗದು. ಗಂಡುಮಗುವು ಇದನ್ನು ಕೇಳಿ ಮರೆಯುವುದು, ಅದರಿಂದ ಅದಕ್ಕೆ ನಷ್ಟವೇನೂ ಇಲ್ಲ. ಹೆಣ್ಣುಮಗುವಾದರೋ ಇದನ್ನು ನಂಬುವುದು. ಹಿತ್ತಿಲಲ್ಲಿ ಕಾಗೆಯು ಹಾರಿಬಂದರೆ ತಲೆಯ ಮೇಲೆ ಕೈಯಿಟ್ಟುಕೊಂಡು ಒಳಕ್ಕೆ ಓಡುವುದು. ಕಾಗೆಯಿಂದ ತಪ್ಪಿಸಿಕೊಂಡರೆ ಸಾಕೆಂದು ತಿಳಿದಿರುವ ಆ ಮಗುವಿಗೆ ಒಂದು ದಿನ ಯಾವ ಕಾಗೆಯೂ ಹತ್ತಿರ ಸುಳಿಯದಿರುವಾಗ ಬಟ್ಟೆಯಲ್ಲಿ ರಕ್ತವು ಕಾಣಿಸಿಕೊಂಡರೆ, ಅದು ತಾಯಿಯ ಕಾಗೆಗೂ ತನಗೂ ಸಂಬಂಧಪಟ್ಟುದೆಂದು ಹೇಗೆ ತಾನೆ ತಿಳಿದೀತು? ಎಲ್ಲಿಯೋ ಗಾಯವಾಗಿದೆಯೆಂದೋ, ರೋಗವು ಬಂದಿದೆಯೆಂದೋ, ತಾನು ಮಾಡಿದ ಯಾವುದೋ ತಪ್ಪಿನ ಫಲವೆಂದೋ ಬಗೆದು, ಬಟ್ಟೆಯನ್ನು ಅಡಗಿಸಿಟ್ಟು, ಹೇಳಲಾರದೆ ತೊಳಲುವುದು. ಸಾಹಿತ್ಯಶಾಸ್ತ್ರದಲ್ಲಿ ವ್ಯಂಗ್ಯಕ್ಕೆ ಸಹೃದಯನು ಬೇಕು. ವಾಚ್ಯವನ್ನೇ ಅರಿಯದವನಿಗೆ ವ್ಯಂಗ್ಯವು ಸುಳ್ಳಾಗಿ ಪರಿಣಮಿಸುವುದು. ಹಿರಿಯರಲ್ಲಿ ಪರಸ್ಪರ ಮರ್ಯಾದೆಯ ಮಾತಾಗಿದ್ದ ಕಾಗೆಯು ಮಗುವಿನ ಪಾಲಿಗೆ ತಪ್ಪುದಾರಿಯಾಯಿತು.

ಇಂದು ನಗರದ ಶಾಲೆಗಳ ಹುಡುಗಿಯರು ‘ಡೇಟ್’ ಎಂದೋ ‘ಪೀರಿಯಡ್ಸ್’ ಎಂದೋ ಹೇಳುವರು. ಕಾಗೆಯು ಹಾರಿಹೋದುದು ಸಂತೋಷವೇ. ಆದರೆ ದಿನಾಂಕ, ಅವಧಿ ಎಂಬ ಅರ್ಥದ ಈ ಮಾತುಗಳಲ್ಲಿಯೂ ಮೈಯಿಲ್ಲ. ಹೊಸ ಮಾತು ಹಳೆಯ ತೆರೆಯ ಸ್ಥಾನದಲ್ಲಿ ಇನ್ನೊಂದು ತೆರೆಯಾದರೆ, ತೆರೆಯ ಬಣ್ಣವು ಬದಲಾಯಿತೆಂದಷ್ಟೇ ಹೇಳಬಹುದು.

ಇನ್ನು ಒಸಗೆಯ ಹಾಡು. ಹಳಗನ್ನಡದಲ್ಲಿ ‘ಒಸಗೆ’ ಎಂದರೆ ಶುಭವಾರ್ತೆ, ಮಂಗಳೋತ್ಸವ. ಡಿ. ವಿ. ಗುಂಡಪ್ಪನವರು ಉಮರ್ ಖಯ್ಯಾಮನ ಕಾವ್ಯವನ್ನು ‘ಉಮರನ ಒಸಗೆ’ ಎಂದು ಕರೆದುದು ಈ ಹಳೆಯ ಅರ್ಥವನ್ನು ನೆನೆದೇ. ಹಳ್ಳಿಯ ಮನೆಗಳಲ್ಲಿ ಹುಡುಗಿಯು ಮೈನೆರೆದಾಗ ಸೋದರಮಾವನು ಹಸಿಯ ಸೊಪ್ಪುಸದೆಗಳನ್ನು ತಂದು ಗುಡ್ಲು ಹಾಕುವುದು, ಎಳ್ಳುಬೆಲ್ಲದ ಚಿಗುಳಿಯನ್ನೂ ಕೊಬ್ಬರಿಯನ್ನೂ ತಿನ್ನಿಸುವುದು, ಮುತ್ತೈದೆಯರು ಮಡಿಲು ತುಂಬಿ ಆರತಿಯೆತ್ತುವುದು, ಸೋಬಾನೆ ಹಾಡುವುದು ಇವೆಲ್ಲಾ ಈ ಒಸಗೆಯ ಅಂಗಗಳು. ಹೆಂಗಸರ ಹಾಡಿಗೆ ಸಾಹಿತ್ಯದಲ್ಲಿ ಸ್ಥಾನವುಂಟೆಂಬುದನ್ನು 1931ರ ‘ಗರತಿಯ ಹಾಡು’ ಸಂಕಲನವು ಪಂಡಿತರಿಗೂ ತೋರಿಸಿಕೊಟ್ಟಿತು. ಸೋಬಾನೆಯ ಪದಗಳನ್ನು ಸಹ ಅದೇ ಗೌರವದಿಂದ ವಿಮರ್ಶಿಸಬೇಕು. ಗೌರವವೆಂದರೆ ಹೊಗಳಿಕೆಯೊಂದೇ ಅಲ್ಲ.

ಈ ಪದಗಳ ಗುಣವು ಸ್ಪಷ್ಟವಾಗಿದೆ. ಹುಡುಗಿಯು ಎಲ್ಲಿದ್ದಾಗ ಮೈನೆರೆದಳು, ಸುದ್ದಿಯು ತವರಿನವರಿಗೂ ಮಾವನಿಗೂ ಹೇಗೆ ಮುಟ್ಟಿತು, ಯಾರು ಯಾವ ಉಡುಗೊರೆಯನ್ನು ತಂದರು ಎಂಬುದನ್ನು ಅವು ಬಣ್ಣಿಸುವುವು. ಹೆಣ್ಣಿನ ಮೈಯಲ್ಲಿ ನಡೆದ ಸಂಗತಿಯೊಂದು ಊರಿಗೆ ಸಂತೋಷವೆಂದು ಹಾಡಿ ಹೇಳುವ ಧೈರ್ಯವು ಶಿಷ್ಟಕಾವ್ಯದಲ್ಲಿ ಸುಲಭವಾಗಿ ಕಾಣುವುದಿಲ್ಲ. ಶಿಷ್ಟಪರಂಪರೆಯಲ್ಲಿ ಸ್ತ್ರೀಯೊಬ್ಬಳು ತನ್ನ ಈ ಅವಸ್ಥೆಯನ್ನು ತಾನೇ ಬಾಯಿಬಿಟ್ಟು ಹೇಳುವ ಪ್ರಸಿದ್ಧ ಸಂದರ್ಭವೆಂದರೆ ವ್ಯಾಸಭಾರತದ ಸಭಾಪರ್ವದಲ್ಲಿ ದ್ರೌಪದಿಯು ತಾನು ರಜಸ್ವಲೆ, ಏಕವಸ್ತ್ರೆ ಎಂದು ಹೇಳುವುದು. ಅದು ಸಂತೋಷದ ಮಾತಲ್ಲ, ಆಪತ್ತಿನ ಮೊರೆ.

ದೋಷವು ಗುಣದಷ್ಟೇ ಸ್ಪಷ್ಟವಾಗಿದೆ. ಹಾಡು ಹೂವನ್ನು ಬಲ್ಲುದು, ರಕ್ತವನ್ನು ಅರಿಯದು. ಸುದ್ದಿಯನ್ನು ಎಲ್ಲರಿಗೂ ಮುಟ್ಟಿಸುವ ಈ ಹಾಡು, ಹುಡುಗಿಗೆ ಅದೇ ಸುದ್ದಿಯು ಮೊದಲು ಹೇಗೆ ಮುಟ್ಟಿತೆಂಬುದನ್ನು ಹೇಳದು. ಇದಕ್ಕೆ ಒಂದು ಆಕ್ಷೇಪವು ಬರಬಹುದು: ಅಕ್ಕನ, ನೆರೆಮನೆಯವಳ ಆರತಿಯಲ್ಲಿ ಕುಳಿತು ಸೋಬಾನೆ ಕೇಳಿದ ಕಿರಿಯಳಿಗೆ ಆ ಹಾಡೇ ಪಾಠವಲ್ಲವೇ ಎಂದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಅಂಥ ಹುಡುಗಿಯು ತನಗೂ ಒಂದು ದಿನ ಹೊಸ ಸೀರೆ, ಚಿಗುಳಿ, ಮಾವನ ಉಡುಗೊರೆ ಬರುವುದೆಂದು ತಿಳಿದು ಕಾದಿರುವುದೂ ಉಂಟು. ಆದರೆ ಆಕೆ ಕಾದಿರುವುದು ಉತ್ಸವವನ್ನು, ಬರುವುದು ರಕ್ತವು. ಇವೆರಡೂ ಒಂದೇ ಎಂದು ಯಾರೂ ಹೇಳದಿದ್ದರೆ, ಕಾದಿದ್ದವಳೂ ಕಾಣದವಳಂತೆಯೇ ಬೆಚ್ಚುವಳು. ಮರುಗಳಿಗೆಯಲ್ಲಿ ಆರತಿಯನ್ನೆತ್ತಿದ ಕೈಗಳೇ ‘ದೂರ ಕೂರು’ ಎಂದು ತೋರಿಸುವಾಗ, ತನ್ನನ್ನು ಪೂಜಿಸುವರೋ ವರ್ಜಿಸುವರೋ ಎಂಬ ಸಂದೇಹವೂ ಸೇರುವುದು. ಹಾಡಿನಲ್ಲಿ ಈ ಸಂದೇಹಕ್ಕೆ ಉತ್ತರವಿಲ್ಲ.

ವರ್ಜನೆಯನ್ನು ಮೂಲದಲ್ಲಿಯೇ ನಿರಾಕರಿಸಿದವರು ಕನ್ನಡದಲ್ಲಿ ಶಿವಶರಣರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳೂ ಲಿಂಗಧಾರಿಗೆ ಇಲ್ಲವೆಂಬುದು ವೀರಶೈವದ ಪ್ರಸಿದ್ಧ ಸಿದ್ಧಾಂತ. ಇದು ದೊಡ್ಡ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಮೈಲಿಗೆಯಿಲ್ಲವೆಂದು ಹೇಳುವುದು ಬೇರೆ, ಮೈಯಲ್ಲಿ ಏನಾಗುವುದೆಂದು ಹೇಳುವುದು ಬೇರೆ. ಮೊದಲನೆಯದು ಸಮಾಜಕ್ಕೆ ಕೊಟ್ಟ ಉತ್ತರ. ಎರಡನೆಯದು ಬಾಲಿಕೆಗೆ ಕೊಡಬೇಕಾದ ಉತ್ತರ.

ಈಚಿನ ಗದ್ಯಸಾಹಿತ್ಯದಲ್ಲಿ ಈ ವಿಷಯಕ್ಕೆ ಅತ್ಯಂತ ತೀಕ್ಷ್ಣವಾದ ಬೆಳಕನ್ನು ಬೀರಿದುದು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’. 1976ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ಚಲನಚಿತ್ರವಾಗಿಯೂ ಮಾಡಿದರು. ಮಲೆನಾಡಿನ ಮನೆತನವೊಂದರಲ್ಲಿ ಬಾಲ್ಯದಲ್ಲಿಯೇ ವಿವಾಹವಾಗಿ ಬಾಲ್ಯದಲ್ಲಿಯೇ ವಿಧವೆಯಾದವಳ ಜೀವನಚರಿತೆಯಿದು. ಬೇರೆ ಹುಡುಗಿಯರಿಗೆ ಆರತಿಯನ್ನು ತರುವ ಅವಸ್ಥೆಯೇ ಈಕೆಗೆ ಕೇಶವಪನವನ್ನು ತರುವುದು. ಮೈಯು ಅದೇ, ರಕ್ತವೂ ಅದೇ. ಮಂಗಳವಾದುದು ಮಾತ್ರ ಅಮಂಗಳವಾಯಿತು. ಹಾಗಾದರೆ ಒಸಗೆಯಲ್ಲಿ ಕೊಂಡಾಡಲ್ಪಟ್ಟುದು ಹುಡುಗಿಯ ತುಂಬುತನವಲ್ಲ, ಆಕೆಯಿಂದ ಮನೆತನಕ್ಕೆ ಆಗಬಹುದಾದ ಉಪಯೋಗ ಎಂಬುದು ಒಂದು ಸಲ ಕಂಡ ಮೇಲೆ ಮರೆಯಲಾಗುವುದಿಲ್ಲ. ಲೇಖಕಿಯು ಇದನ್ನು ವಾದಮಾಡಿ ಹೇಳದೆ, ಮನೆಯೊಳಗಿನ ನಿತ್ಯದ ಕೆಲಸಗಳ ನಡುವೆ ಇಟ್ಟು ತೋರಿಸಿರುವುದು ಕೃತಿಯ ಶಕ್ತಿಯಾಗಿದೆ.

ಈ ಕೊರತೆಯು ಕನ್ನಡಿಗರಿಗೆ ಮಾತ್ರ ಸೇರಿದುದಲ್ಲವೆಂಬುದಕ್ಕೆ ಚೀನದೇಶದ ನಿದರ್ಶನವು ಸಾಕು. ಅಲ್ಲಿಯ ಪ್ರಾಚೀನ ವೈದ್ಯಗ್ರಂಥವಾದ ಹುವಾಂಗ್‌ದಿ ನೆಯ್‌ಜಿಂಗ್‌ನಲ್ಲಿ ಹೆಣ್ಣಿನ ಆಯುಸ್ಸನ್ನು ಏಳೇಳು ವರ್ಷಗಳಾಗಿ ಎಣಿಸಿ, ಎರಡನೆಯ ಏಳರಲ್ಲಿ, ಎಂದರೆ ಹದಿನಾಲ್ಕರಲ್ಲಿ, ಆರ್ತವವು ಬರುವುದೆಂದು ಹೇಳಿದೆ. ಇಂದಿನ ಚೀನೀ ಭಾಷೆಯಲ್ಲಿ ಇದರ ಹೆಸರು ‘ಛೂಛಾವ್’, ಅಂದರೆ ಮೊದಲ ಉಬ್ಬರ. ಅಲ್ಲಿಯ ಹಳೆಯ ಗೃಹ್ಯಾಚಾರದಲ್ಲಿ ಹುಡುಗಿಗೆ ಹದಿನೈದು ತುಂಬಿದಾಗ ಮುಡಿ ಕಟ್ಟಿ ಮುಡಿಗಡ್ಡಿ ಸಿಕ್ಕಿಸುವ ಸಂಸ್ಕಾರವಿದ್ದಿತು. ಅದು ವಯಸ್ಸನ್ನು ಅನುಸರಿಸಿದುದು, ಮೈಯನ್ನಲ್ಲ. ಎಂದರೆ ಕನ್ನಡ ನಾಡು ಊರಿಗೆಲ್ಲಾ ಸಾರಿದುದನ್ನು ಚೀನವು ಮನೆಯೊಳಗೇ ಇಟ್ಟಿತು. ಹೀಗಿದ್ದೂ ಹಾಂಗ್‌ಕಾಂಗಿನ ಚೀನೀ ಬಾಲಿಕೆಯರನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಹುಪಾಲು ಹುಡುಗಿಯರು ಮೊದಲ ಮುಟ್ಟಿನಲ್ಲಿ ಬೇಸರವನ್ನೂ ಮುಜುಗರವನ್ನೂ, ಜತೆಯಲ್ಲಿಯೇ ತಾವು ದೊಡ್ಡವರಾದೆವೆಂಬ ಭಾವವನ್ನೂ ಪಟ್ಟುದು ಕಂಡುಬಂದಿದೆ. ಭಾರತದ ವಿಷಯದಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮೊದಲ ಮುಟ್ಟಿಗೆ ಮುಂಚೆ ಅದರ ವಿಷಯವು ತಿಳಿದಿದ್ದ ಹುಡುಗಿಯರು ಸುಮಾರು ಅರ್ಧದಷ್ಟು ಮಾತ್ರ. ಸಾರಿದರೂ ಸಾರದಿದ್ದರೂ ಬಾಲಿಕೆಯ ಪಾಡು ಒಂದೇ ಎಂದ ಮೇಲೆ, ಬೇಕಾದುದು ಸಾರುವಿಕೆಯಲ್ಲ, ಮುನ್ನರಿವು.

ಮುನ್ನರಿವನ್ನು ಕೊಡುವ ಭಾರವು ತಾಯಂದಿರ ಮೇಲೆಯೇ ಇದೆಯೆಂದು ಹೇಳುವುದು ಸುಲಭ. ಆದರೆ ಮಾತುಗಳ ಕೀಲಿಕೈಯಿರುವುದು ಭಾಷೆಯನ್ನು ಕಲಿಸುವವರಲ್ಲಿ. ತರಗತಿಯಲ್ಲಿ ‘ಪುಷ್ಪವತಿ’ ಎಂಬ ಶಬ್ದವು ಬಂದಾಗ ಉಪಾಧ್ಯಾಯರು ಕೆಮ್ಮಿ ಮುಂದಿನ ಸಾಲಿಗೆ ಹೋಗುವುದು, ಸಭಾಪರ್ವವನ್ನು ಪಾಠಮಾಡುವಾಗ ‘ರಜಸ್ವಲೆ’ಗೆ ಅರ್ಥವನ್ನು ಹೇಳದೆ ಬಿಡುವುದು, ನಿಘಂಟನ್ನು ನೋಡಿಕೊಳ್ಳಿರೆಂದು ಹೇಳುವುದು ಇವೆಲ್ಲಾ ಹಳೆಯ ಪಾಠಶಾಲೆಯ ಮೌನದ ಮುಂದುವರಿಕೆಯೇ ಆಗಿವೆ. ಆ ಸಾಲನ್ನು ಕೇಳುತ್ತಿರುವವರಲ್ಲಿ ಇಂದು ಬಾಲಿಕೆಯರೂ ಇರುವರು. ಒಂದು ಶಬ್ದದ ಅರ್ಥವನ್ನು ನೆಟ್ಟನೆ, ಗಂಭೀರವಾಗಿ, ನಾಚದೆ ಹೇಳುವುದರಿಂದ ಶಿಷ್ಟತೆಗೆ ಕುಂದು ಬಾರದು. ‘ಮೈನೆರೆ’ ಎಂಬ ಅಚ್ಚಗನ್ನಡದ ಮಾತನ್ನು ಅದರ ಪೂರ್ಣಾರ್ಥದೊಡನೆ ಹತ್ತು ವಯಸ್ಸಿನ ಹುಡುಗಿಯ ಕೈಗೆ ಕೊಟ್ಟರೆ, ಆಕೆ ಕಾಗೆಗೆ ಹೆದರಬೇಕಾಗಿಲ್ಲ, ಬಟ್ಟೆಯನ್ನು ಅಡಗಿಸಬೇಕಾಗಿಯೂ ಇಲ್ಲ.

ಇಂಥ ಮುನ್ನರಿವು ನಾಡಿಗೆ ಹೊಸದೇನೂ ಅಲ್ಲ. ತುಳುನಾಡಿನಲ್ಲಿ ಮಕರಮಾಸದ ಕೊನೆಯ ಮೂರು ದಿನಗಳು ಕೆಡ್ಡಸ. ಆಗ ಭೂಮಿಯು ಋತುಮತಿಯಾಗುವಳೆಂದು ಜನರು ನಂಬಿರುವರು. ದಿನವು ಮೊದಲೇ ಗೊತ್ತಿರುವುದರಿಂದ ನೇಗಿಲುಗುದ್ದಲಿಗಳನ್ನು ಮೊದಲೇ ಕೆಳಗಿಡುವರು. ಆ ದಿನಗಳಲ್ಲಿ ನೆಲವನ್ನು ಅಗೆಯರು, ಕಡೆಯಲ್ಲಿ ಎಣ್ಣೆ ಅರಿಸಿನ ಕುಂಕುಮಗಳನ್ನು ಅವಳಿಗೆ ಅರ್ಪಿಸುವರು. ತೈತ್ತಿರೀಯದ ಕಥೆಯಲ್ಲಿ ಸ್ತ್ರೀಯರೊಡನೆ ಭಾರವನ್ನು ಹಂಚಿಕೊಂಡವಳು ಈ ಭೂಮಿಯೇ. ಆಕೆಗಾಗಿ ಜನರು ಪಂಚಾಂಗವನ್ನು ನೋಡಿ ಮುಂಚೆಯೇ ಸಿದ್ಧರಾಗುವರು. ಜೋಗುಪಾಳ್ಯದ ಕೇರಿಯ ಬಾಲಿಕೆಗಾದರೋ ಚಪ್ಪರವೂ ಆರತಿಯೂ ಆಮಂತ್ರಣವೂ ಸಂಗತಿಯು ನಡೆದ ಮೇಲೆ ಬರುವುವು. ಒಸಗೆಯೆಂದರೆ ಶುಭವಾರ್ತೆಯೆಂಬುದು ನಿಜವಾದರೆ, ಆ ವಾರ್ತೆಯು ಮೊದಲು ಸಲ್ಲಬೇಕಾದುದು ಬಂಧುಗಳಿಗಲ್ಲ, ಆಕೆಗೆ. ಅದೂ ನಡೆಯುವುದಕ್ಕೆ ಮುಂಚೆ.